ವೈದ್ಯಕೀಯ ಸೀಟು: ಬಾಗಿಲು ಮುಚ್ಚುವುದು ಪಿಯುಸಿಯಲ್ಲಲ್ಲ, ಒಂದನೇ ತರಗತಿಯಲ್ಲಿ

ಧಾರವಾಡ ತಾಲೂಕಿನ ಗರಗ ಗ್ರಾಮದ ಓರ್ವ ಕೂಲಿಕಾರನ ಅಥವಾ ಖಾದಿ ನೇಯುವ ಮಹಿಳೆಯ ಮಗಳು ವೈದ್ಯೆಯಾಗುವ ಸಾಧ್ಯತೆ ಎಷ್ಟು? ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರದು. ವಿದ್ಯಾಕಾಶಿ ಎಂದು ಕರೆಯಲಾಗುವ ಧಾರವಾಡ ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗಿದೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ಹತ್ತಿರದಲ್ಲಿದೆ. ಆದರೆ ಸಾಮೀಪ್ಯವೊಂದೇ ಸೀಟು ಕೊಡಿಸುವುದಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂಬ ಮಾತು ಇಂಥ ಊರುಗಳ ಮಟ್ಟಿಗೆ ಬರಿಯ ಗಾದೆಯಲ್ಲ. ಈ ಕತ್ತಲಿಗೆ ಬಡತನವನ್ನು ಮಾತ್ರ ಕಾರಣವಾಗಿಸಿ ಕೈ ತೊಳೆದುಕೊಳ್ಳುವುದು ಸುಲಭ. ನಿಜವಾಗಿ, ಬಡತನದಷ್ಟೇ ಪ್ರಬಲವಾದ ಇನ್ನೊಂದು ಕಾರಣವಿದೆ. ಅದು ಮಾಹಿತಿಯ ಕೊರತೆ.

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಅಮೇರಿಕದಲ್ಲಿ ವೈದ್ಯನಾಗಬಯಸುವವನು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿ ಮುಗಿಸುತ್ತಾನೆ. ಬಳಿಕವೇ ನಾಲ್ಕು ವರ್ಷಗಳ ವೈದ್ಯಕೀಯ ಶಿಕ್ಷಣಕ್ಕೆ ಅರ್ಜಿ ಹಾಕುತ್ತಾನೆ. ಪದವಿ ಮತ್ತು ವೈದ್ಯಕೀಯವನ್ನು ಒಂದೇ ಪ್ರವೇಶದಲ್ಲಿ ಜೋಡಿಸಿದ ಕೋರ್ಸುಗಳು ಅಲ್ಲಿ ಅಪವಾದ. ನಮ್ಮಲ್ಲಿ ಆ ಅಪವಾದವೇ ನಿಯಮ. ಪಿಯುಸಿ ಮುಗಿಸಿದ ಹದಿನೇಳು-ಹದಿನೆಂಟರ ಹರೆಯದಲ್ಲಿ ಒಂದು ಪರೀಕ್ಷೆ. ಗೆದ್ದರೆ ನಾಲ್ಕೂವರೆ ವರ್ಷಗಳ ಎಂಬಿಬಿಎಸ್ ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಇಪ್ಪತ್ತೆರಡರ ಪ್ರಾಯದಲ್ಲಿ ಪದವಿ ಮುಗಿಸಿದವನಿಗೆ ವೈದ್ಯನಾಗಬೇಕೆಂಬ ಆಸೆ ಹುಟ್ಟಿದರೆ, ಇಲ್ಲಿ ಆತ ಮತ್ತೆ ಅದೇ ಪಿಯುಸಿ ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಆದ್ದರಿಂದ ನಮ್ಮ ದೇಶದಲ್ಲಿ ತಯಾರಿಯ ಕಾಲ ಬಾಲ್ಯಕ್ಕೆ ಜಾರುತ್ತದೆ. ಆಗ ನಿರ್ಧಾರ ಕೈಗೊಳ್ಳುವುದು ಮಗುವಲ್ಲ, ಹೆತ್ತವರು. ಆ ಹೆತ್ತವರಿಗೆ ನಿಯಮಗಳೇ ತಿಳಿದಿರದಿದ್ದರೆ?

ನೀಟ್ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. 2024ರಲ್ಲಿ 23 ಲಕ್ಷಕ್ಕಿಂತಲೂ ಅಧಿಕ ವಿದ್ಯಾರ್ಥಿಗಳು ಈ ಪರೀಕ್ಷೆಗೆ ಹಾಜರಾದರು. 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರೆಂದು ಘೋಷಿಸಲ್ಪಟ್ಟರು. ಆದರೆ ಆಗ ದೇಶದಲ್ಲಿದ್ದ ಒಟ್ಟು ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅವುಗಳಲ್ಲಿ ಸರಕಾರಿ ಕಾಲೇಜುಗಳ ಸೀಟುಗಳು ಸರಿಸುಮಾರು ಅರ್ಧ. ಅಂದರೆ ನೀಟ್‌ನಲ್ಲಿ 'ಅರ್ಹತೆ' ಪಡೆಯುವುದು ಬೇರೆ, ಸೀಟು ಪಡೆಯುವುದು ಬೇರೆ. ಸಾಮಾನ್ಯ ವರ್ಗದವರಿಗೆ 50ನೇ ಪರ್ಸೆಂಟೈಲ್, ಮೀಸಲು ವರ್ಗದವರಿಗೆ 40ನೇ ಪರ್ಸೆಂಟೈಲ್ ದಾಟಿದರೆ ಅರ್ಹತೆ ಸಿಗುತ್ತದೆ. ಈ ವ್ಯತ್ಯಾಸ ತಿಳಿಯದ ಕುಟುಂಬಗಳು ಫಲಿತಾಂಶದ ದಿನ ಸಿಹಿ ಹಂಚಿ, ಕೌನ್ಸೆಲಿಂಗ್‌ನ ದಿನ ಕಣ್ಣೀರು ಹಾಕುತ್ತವೆ. ಆ ಎರಡು ದಿನಗಳ ನಡುವೆ ದಲ್ಲಾಳಿಗಳು ಮನೆಬಾಗಿಲಿಗೆ ಬರುತ್ತಾರೆ.

ಇನ್ನು ರಾಜ್ಯದ ಲೆಕ್ಕಕ್ಕೆ ಬರೋಣ. 200 ಸೀಟುಗಳಿರುವ ಒಂದು ಸರಕಾರಿ ಕಾಲೇಜನ್ನು ಊಹಿಸಿಕೊಳ್ಳಿ. ಶೇ. 15ರಷ್ಟು, ಅಂದರೆ 30 ಸೀಟುಗಳು ಅಖಿಲ ಭಾರತ ಪಾಲಿಗೆ ಹೋಗುತ್ತವೆ. ಉಳಿಯುವುದು 170. ಮುಸ್ಲಿಮರಿಗಿರುವ 2ಬಿ ಪ್ರವರ್ಗದ ಶೇ. 4ನ್ನು ಲೆಕ್ಕ ಹಾಕಿದರೆ ಸಿಗುವುದು ಸುಮಾರು ಏಳು ಸೀಟು. 1990ರಲ್ಲಿ ವರದಿ ಸಲ್ಲಿಸಿದ ಚಿನ್ನಪ್ಪ ರೆಡ್ಡಿ ಆಯೋಗದ ಹಿನ್ನೆಲೆಯಲ್ಲಿ, 1995ರಲ್ಲಿ ದೇವೇಗೌಡರ ಸರಕಾರ ಜಾರಿಗೊಳಿಸಿದ ಮೀಸಲಾತಿಯಿದು. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ಬೊಮ್ಮಾಯಿ ಸರಕಾರ ಇದನ್ನು ರದ್ದುಗೊಳಿಸಿ ಒಕ್ಕಲಿಗ ಮತ್ತು ಲಿಂಗಾಯತ ಪ್ರವರ್ಗಗಳಿಗೆ ತಲಾ ಶೇ. 2ರಂತೆ ಹಂಚಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದಾಗ ಆದೇಶವನ್ನು ಸದ್ಯ ಜಾರಿಗೊಳಿಸುವುದಿಲ್ಲ ಎಂದು ಅದೇ ಸರಕಾರ ಹೇಳಬೇಕಾಯಿತು. ಆ ದಿನಗಳಲ್ಲಿ ಸಮುದಾಯ ಪ್ರತಿಭಟಿಸಿತು. ಅದು ಸರಿಯೇ. ಆದರೆ ಪ್ರತಿಭಟಿಸಿ ಉಳಿಸಿಕೊಂಡ ಹಕ್ಕನ್ನು ಬಳಸಿಕೊಳ್ಳಲು ನಾವು ಎಷ್ಟು ಸಿದ್ಧರಾಗಿದ್ದೇವೆ ಎಂಬ ಪ್ರಶ್ನೆಯನ್ನು ನಮ್ಮೊಳಗೆ ಕೇಳಿಕೊಂಡದ್ದು ಕಡಿಮೆ.

ಇಷ್ಟಕ್ಕೂ, ಎಲ್ಲ ಮುಸ್ಲಿಮರೂ 2ಬಿಗೆ ಸೇರಿದವರಲ್ಲ. ನದಾಫ್, ಪಿಂಜಾರರಂಥ ಸಮುದಾಯಗಳು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿವೆ. ಇನ್ನು ಕೆಲವು 2ಎಯಲ್ಲಿವೆ. ಪ್ರವರ್ಗ-1ಕ್ಕೆ ಕೆನೆಪದರದ ಆದಾಯ ಮಿತಿಯೂ ಅನ್ವಯಿಸುವುದಿಲ್ಲ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಸಮುದಾಯಗಳ ಕುಟುಂಬಗಳು ಸಾಕಷ್ಟಿವೆ. ಆದರೆ ಶಾಲೆಗೆ ಸೇರಿಸುವಾಗ ಜಾತಿಯ ಕಾಲಂನಲ್ಲಿ 'ಮುಸ್ಲಿಂ' ಎಂದಷ್ಟೇ ಬರೆಸಿಬಿಟ್ಟರೆ ಹನ್ನೆರಡು ವರ್ಷಗಳ ಬಳಿಕ ತಹಶೀಲ್ದಾರ್ ಕಚೇರಿಯಲ್ಲಿ ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಂತೂ ರಾಜ್ಯದ ಪಟ್ಟಿಗಿಂತ ಬೇರೆಯೇ. ರಾಜ್ಯದ ಪಟ್ಟಿಯಲ್ಲಿರುವವರೆಲ್ಲ ಅದರಲ್ಲಿಲ್ಲ. ವೈದ್ಯಕೀಯದ ಅಖಿಲ ಭಾರತ ಪಾಲಿನಲ್ಲಿ ಹಿಂದುಳಿದ ವರ್ಗಗಳಿಗೆ ಶೇ. 27ರ ಮೀಸಲಾತಿಯನ್ನು 2021ರಲ್ಲಿ ಜಾರಿಗೊಳಿಸಿದ ಬಳಿಕ ಆ ಪಟ್ಟಿಯನ್ನೂ ಓದಿ ತಿಳಿದುಕೊಳ್ಳಬೇಕಾದುದು ಅನಿವಾರ್ಯವಾಗಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಗ್ರಾಮೀಣ ಮೀಸಲಾತಿ. ರಾಜ್ಯದ ಸೀಟುಗಳಲ್ಲಿ ಪ್ರತಿ ಪ್ರವರ್ಗದೊಳಗೂ ಶೇ. 15ರಷ್ಟನ್ನು ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5ರಷ್ಟನ್ನು ಕನ್ನಡ ಮಾಧ್ಯಮದವರಿಗೆ ಮೀಸಲಿಡಲಾಗುತ್ತದೆ. ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಟ್‌ಆಫ್ ಪಟ್ಟಿಯಲ್ಲಿ ಕಾಣುವ 2ಬಿಜಿ, 2ಬಿಆರ್, 2ಬಿಕೆ ಎಂಬ ಸಂಕೇತಗಳ ಅರ್ಥ ಇದುವೇ. ಮೇಲೆ ಹೇಳಿದ ಏಳು ಸೀಟುಗಳಲ್ಲಿ ಒಂದು ಹಳ್ಳಿಯ ಮಗುವಿನದ್ದು. ಒಂದು ಕಾಲೇಜಿನಲ್ಲಿ ಒಂದೇ ಆಗಿರಬಹುದು, ಆದರೆ ರಾಜ್ಯದ ಎಲ್ಲ ಕಾಲೇಜುಗಳನ್ನೂ ಕೂಡಿಸಿದರೆ ಅದು ಸಣ್ಣ ಸಂಗತಿಯಲ್ಲ. ಆ ಸೀಟಿಗಾಗಿ ಗರಗದ ಮಗು ಸ್ಪರ್ಧಿಸಬೇಕಾದುದು ಬೆಂಗಳೂರು, ಮಂಗಳೂರಿನ ದುಬಾರಿ ಶಾಲೆಗಳ ಮಕ್ಕಳೊಂದಿಗಲ್ಲ. ತನ್ನಂತೆಯೇ ಹಳ್ಳಿಯಲ್ಲಿ ಓದಿದ ಮಕ್ಕಳೊಂದಿಗೆ.

ಷರತ್ತು ಒಂದಿದೆ. ಒಂದರಿಂದ ಹತ್ತನೇ ತರಗತಿಯ ತನಕ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯಿರುವ ಪ್ರಮಾಣಪತ್ರವಿರಬೇಕು. ಒಂದು ವರ್ಷ ತಪ್ಪಿದರೂ ಹಕ್ಕು ಹೋಯಿತು. ಈಗ ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದನ್ನು ನೋಡಿ. ನಾಲ್ಕು ಕಾಸು ಕೂಡಿದೊಡನೆ ತಂದೆ ತನ್ನ ಮಗುವನ್ನು ಐದನೆಯ ತರಗತಿಗೋ ಎಂಟನೆಯ ತರಗತಿಗೋ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುತ್ತಾನೆ. ಶುಲ್ಕ, ವಾಹನ, ಸಮವಸ್ತ್ರ ಎಂದು ಸಾಲ ಮಾಡುತ್ತಾನೆ. ಮಗುವಿನ ಭವಿಷ್ಯಕ್ಕಾಗಿ ತಾನು ತ್ಯಾಗ ಮಾಡುತ್ತಿದ್ದೇನೆ ಎಂದೇ ಆತ ನಂಬಿರುತ್ತಾನೆ. ಅದೇ ತ್ಯಾಗದಿಂದ ಮಗುವಿಗಿದ್ದ ಮೀಸಲು ಸೀಟಿನ ಹಕ್ಕು ಸದ್ದಿಲ್ಲದೆ ರದ್ದಾಗಿರುತ್ತದೆ. ಆತನಿಗೆ ಇದು ತಿಳಿಯುವುದು ಏಳೆಂಟು ವರ್ಷಗಳ ಬಳಿಕ, ಅರ್ಜಿ ತುಂಬುವ ದಿನ.

ಹಾಗಂತ ಹಳ್ಳಿಯ ಶಾಲೆ ಹೇಗಿದ್ದರೂ ಅಲ್ಲೇ ಕೊಳೆಯಬೇಕೆಂದು ಹೇಳುತ್ತಿಲ್ಲ. ಊರ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನದ ಶಿಕ್ಷಕರಿಲ್ಲದಿದ್ದರೆ ಮೀಸಲಾತಿಯಿಂದ ಪ್ರಯೋಜನವಿಲ್ಲ. ಆದರೆ ಪೇಟೆಯ ಶಾಲೆಗೆ ಸುರಿಯುವ ಹಣದ ಒಂದು ಪಾಲನ್ನು ಹತ್ತು ಕುಟುಂಬಗಳು ಒಟ್ಟು ಸೇರಿಸಿದರೆ ಸಂಜೆಯ ಹೊತ್ತು ಊರಲ್ಲೇ ಪಾಠ ಹೇಳುವ ಇಬ್ಬರು ಪದವೀಧರರಿಗೆ ಗೌರವಧನ ಕೊಡಬಹುದು. ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಯ ಬಗ್ಗೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತು ಪ್ರಶ್ನಿಸಬಹುದು. ಎಷ್ಟು ಮುಸ್ಲಿಂ ಹೆತ್ತವರು ಆ ಸಮಿತಿಯ ಸಭೆಗಳಲ್ಲಿ ಬಾಯಿ ತೆರೆಯುತ್ತಾರೆ?

ಮಾಧ್ಯಮದ ಪ್ರಶ್ನೆಯೂ ಇಲ್ಲಿದೆ. ಕನ್ನಡ ಮಾಧ್ಯಮದ ಶೇ. 5ರ ಪಾಲು ಉರ್ದು ಮಾಧ್ಯಮದಲ್ಲಿ ಓದಿದ ಮಗುವಿಗೆ ಸಿಗುವುದಿಲ್ಲ. ಗ್ರಾಮೀಣ ಪಾಲು ಮಾತ್ರ ಸಿಗುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ, ಸುಪ್ರೀಂ ಕೋರ್ಟ್‌ನ ಮಧ್ಯಪ್ರವೇಶದ ಬಳಿಕ 2018ರಿಂದ ಉರ್ದುವಿನಲ್ಲೂ ಲಭ್ಯವಾಯಿತು ನಿಜ. ಆದರೆ ನಮ್ಮ ಪಿಯು ವಿಜ್ಞಾನ ತರಗತಿಗಳಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಉರ್ದುವನ್ನು ಬಿಟ್ಟುಬಿಡಿ ಎಂಬುದು ಇದರ ತಾತ್ಪರ್ಯವಲ್ಲ. ಭಾಷೆಯಾಗಿ ಅದನ್ನು ಮನೆಯಲ್ಲೂ ಮದ್ರಸದಲ್ಲೂ ಪೋಷಿಸಬಹುದು. ಆದರೆ ಮಾಧ್ಯಮದ ಆಯ್ಕೆಯನ್ನು ಭಾವನೆಯಿಂದಲ್ಲ, ಲೆಕ್ಕ ತಿಳಿದು ಮಾಡಬೇಕು. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೂ ಕಲಿಸದಿದ್ದರೆ, ಎಸ್ಸೆಸ್ಸೆಲ್ಸಿಯಲ್ಲಿ ಶೇ. 90 ಅಂಕ ಗಳಿಸಿದ ಮಗು ಪ್ರಥಮ ಪಿಯುಸಿಯ ಮೊದಲ ತಿಂಗಳಲ್ಲೇ ಎದೆಗುಂದುತ್ತದೆ.

ಅಂದಹಾಗೆ, ಪಿಯುಸಿಯನ್ನು ಪೇಟೆಯಲ್ಲಿ ಓದಿದರೆ ಗ್ರಾಮೀಣ ಹಕ್ಕಿಗೆ ಬಾಧಕವಿಲ್ಲ. ಹತ್ತನೆಯವರೆಗೆ ಊರಲ್ಲಿ ಓದಿ, ಬಳಿಕ ಧಾರವಾಡದ ಒಳ್ಳೆಯ ವಿಜ್ಞಾನ ಕಾಲೇಜಿಗೆ ಸೇರುವುದು ಗರಗದ ಮಗುವಿಗಿರುವ ಅತ್ಯುತ್ತಮ ದಾರಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲವಾಯಿತು. 'ಅಷ್ಟು ದೂರ ಕಳಿಸುವುದು ಹೇಗೆ' ಎಂಬ ನೆಪದಲ್ಲಿ ಪ್ರತಿಭಾವಂತ ಹುಡುಗಿಯನ್ನು ಊರಲ್ಲಿ ಸಿಗುವ ಯಾವುದೋ ವಿಭಾಗಕ್ಕೆ ಸೇರಿಸಿ, ಫಲಿತಾಂಶ ಬರುವ ಮುನ್ನವೇ ವರ ಹುಡುಕುವವರು ಇನ್ನು ಬೇರೆ ಕಾರಣ ಹುಡುಕಬೇಕಾದೀತು.

ಇಂಥ ಚರ್ಚೆ ಬಂದಾಗಲೆಲ್ಲ ಬೀದರನ್ನು ಉದಾಹರಿಸಲಾಗುತ್ತದೆ. 1989ರಲ್ಲಿ ಡಾ. ಅಬ್ದುಲ್ ಖದೀರ್ ಆರಂಭಿಸಿದ ಶಾಹೀನ್ ಸಂಸ್ಥೆಯ ಸಾಧನೆ ಅಭಿಮಾನ ಪಡಬೇಕಾದುದೇ. ಆದರೆ ಬೀದರ್ ಮತ್ತು ಗರಗದ ನಡುವೆ ಒಂದು ವ್ಯತ್ಯಾಸವಿದೆ. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಆ ಭಾಗದವರಿಗೆ ಮೀಸಲು. ಧಾರವಾಡ ಜಿಲ್ಲೆಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಬೀದರಿನ ಕಟ್‌ಆಫ್ ನೋಡಿ ಇಲ್ಲಿ ಕನಸು ಕಾಣುವುದು ಅಪಾಯ. ಅಲ್ಲಿಂದ ಕಲಿಯಬೇಕಾದುದು ಶಿಸ್ತನ್ನು, ಅಂಕಗಳ ಲೆಕ್ಕವನ್ನಲ್ಲ.

ಸರಕಾರಿ ಸೀಟು ಕೈತಪ್ಪಿದಾಗ ಎದುರಾಗುವ ಲೋಕವೇ ಬೇರೆ. ಸರಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಲಕ್ಷದೊಳಗೆ ಮುಗಿದರೆ, ಖಾಸಗಿ ಕಾಲೇಜಿನ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷವೂ ಸಾಲದು. ಹೊಲ ಮಾರಿದವರಿದ್ದಾರೆ. ವಿದೇಶಕ್ಕೆ ಕಳುಹಿಸಿದವರಿದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯನ್ನು ಮರೆಯಲು ಸಾಧ್ಯವೇ? ಪಿಯುಸಿಯಲ್ಲಿ ಶೇ. 97 ಅಂಕ ಗಳಿಸಿದ್ದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ಆತನ ತಂದೆ ನೋವು ತೋಡಿಕೊಂಡಿದ್ದರು. ಆ ನೋವಿಗೆ ಧರ್ಮವಿಲ್ಲ. ಅದು ಉತ್ತರ ಕರ್ನಾಟಕದ ಪ್ರತಿ ಹಳ್ಳಿಯ ನೋವು. ವಿದೇಶಿ ಪದವಿಗೂ ನೀಟ್ ಅರ್ಹತೆ ಕಡ್ಡಾಯ, 54 ತಿಂಗಳ ಇಂಗ್ಲಿಷ್ ಮಾಧ್ಯಮದ ಕಲಿಕೆ ಕಡ್ಡಾಯ ಎಂಬ 2021ರ ನಿಯಮವನ್ನು ದಲ್ಲಾಳಿಗಳು ತಾವಾಗಿ ಹೇಳುವುದಿಲ್ಲ.

ಸರಕಾರದ ಹೊಣೆಗಾರಿಕೆಯನ್ನೂ ಬಿಟ್ಟುಬಿಡುವಂತಿಲ್ಲ. ವೈದ್ಯಕೀಯ ಸೀಟುಗಳು ಹಣದ ಥೈಲಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ, 1994ರಲ್ಲಿ, ಸಿಇಟಿಯ ಮೂಲಕ ಬಡ ಮಕ್ಕಳಿಗೆ ದಾರಿ ತೆರೆದ ರಾಜ್ಯವಿದು. 2024ರ ಜುಲೈನಲ್ಲಿ ನೀಟ್ ವಿರುದ್ಧ ವಿಧಾನಸಭೆಯಲ್ಲಿ ನಿರ್ಣಯವನ್ನೂ ಅಂಗೀಕರಿಸಲಾಯಿತು. ಆದರೆ ನಿರ್ಣಯದಿಂದ ಸೀಟು ಸಿಗುವುದಿಲ್ಲ. ತಮಿಳುನಾಡು 2020ರಲ್ಲಿ ಸರಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಶೇ. 7.5ರಷ್ಟು ವೈದ್ಯಕೀಯ ಸೀಟುಗಳನ್ನು ಕಾನೂನಿನ ಮೂಲಕ ಮೀಸಲಿಟ್ಟಿತು. ಅಂಥದ್ದೊಂದು ಕಾನೂನಿಗಾಗಿ ಕರ್ನಾಟಕದಲ್ಲಿ ಜಾತಿ-ಧರ್ಮಗಳ ಭೇದವಿಲ್ಲದೆ ಒಕ್ಕೊರಲ ಬೇಡಿಕೆ ಏಳಬೇಕು. ಅದರಿಂದ ಗರಗದ ನದಾಫನ ಮಗಳಿಗೂ ಪ್ರಯೋಜನ, ಪಕ್ಕದ ಮನೆಯ ಲಿಂಗಾಯತ ರೈತನ ಮಗನಿಗೂ ಪ್ರಯೋಜನ.

ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಯಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬನಷ್ಟೇ ಮುಸ್ಲಿಂ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತು. ಆ ವಾಕ್ಯವನ್ನು ವೇದಿಕೆಗಳಲ್ಲಿ ಉದ್ಧರಿಸುತ್ತಾ ನಾವು ವರ್ಷಗಳನ್ನು ಕಳೆದೆವು. ಇನ್ನು ಆಗಬೇಕಾದುದು ವೇದಿಕೆಯ ಕೆಲಸವಲ್ಲ, ಮೇಜಿನ ಕೆಲಸ. ಪ್ರತಿ ಊರಿನ ಜಮಾಅತ್ ಅಥವಾ ಅಂಜುಮನ್‌ನಲ್ಲಿ ವಾರಕ್ಕೊಂದು ಸಂಜೆ, ನಿಯಮ ಬಲ್ಲ ಓರ್ವ ಶಿಕ್ಷಕ ಕುಳಿತುಕೊಳ್ಳಲಿ. ಒಂದನೇ ತರಗತಿಗೆ ಸೇರುವ ಮಗುವಿನ ಜಾತಿಯ ಕಾಲಂ ಸರಿಯಾಗಿದೆಯೇ, ಶಾಲೆ ಗ್ರಾಮೀಣ ವ್ಯಾಪ್ತಿಯಲ್ಲಿದೆಯೇ ಎಂದು ನೋಡಲಿ. ಹತ್ತನೆಯ ತರಗತಿಯವರಿಗೆ ಪ್ರಮಾಣಪತ್ರಗಳ ಪಟ್ಟಿ ಕೊಡಲಿ. ಪಿಯುಸಿಯವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಅರ್ಜಿ ತುಂಬಿಸಲಿ. ಸೀಟು ಸಿಗದ ಮಗುವಿಗೆ ಫಾರ್ಮಸಿಯಿದೆ, ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಅಲ್ಲಿ ರೈತರ ಮಕ್ಕಳಿಗೆ ಮೀಸಲು ಪಾಲೂ ಇದೆ ಎಂದು ಹೇಳಿ ಬೆನ್ನು ತಟ್ಟಲಿ. ನೀಟ್‌ನಲ್ಲಿ ಸೋತದ್ದು ಬದುಕಿನಲ್ಲಿ ಸೋತಂತಲ್ಲ ಎಂದು ಹೇಳಬೇಕಾದುದು ಹಿರಿಯರೇ.

ಇದಕ್ಕೆ ದೊಡ್ಡ ಕಟ್ಟಡ ಬೇಡ, ಅನುದಾನ ಬೇಡ. ಬೇಕಿರುವುದು ಒಂದು ಮೇಜು, ಒಂದು ಕಡತ ಮತ್ತು ಹನ್ನೆರಡು ವರ್ಷ ಕಾಯುವ ತಾಳ್ಮೆ. ಮುಂದಿನ ಜೂನ್‌ನಲ್ಲಿ ಗರಗದ ಶಾಲೆಯ ಒಂದನೇ ತರಗತಿಗೆ ಕಾಲಿಡುವ ಮಗುವಿನ ವೈದ್ಯಕೀಯ ಸೀಟಿನ ಅರ್ಜಿಯನ್ನು ತುಂಬಲು ಅದೇ ಜೂನ್‌ನಲ್ಲಿ ಆರಂಭಿಸಬೇಕು.