ಗಡಿ ದಾಟದ ಬಿಲ್ಲು

ಭಾರತದ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ. ಕೊಡಗು, ಚಿಕ್ಕಮಗಳೂರಿನ ಬೀಜ ಅಲ್ಲಿನ ಎಸ್‌ಪ್ರೆಸೊ ಬಟ್ಟಲು ಸೇರುತ್ತಿರುವುದು ಇಂದು ನಿನ್ನೆಯಿಂದಲ್ಲ. ಎರಡೂ ದೇಶಗಳಿಗೆ ಇನ್ನೊಂದು ನಂಟೂ ಇದೆ. ಅಲ್ಲಿ 2019ರ ಜನವರಿಯಿಂದ, ಇಲ್ಲಿ 2020ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ತಮ್ಮತಮ್ಮಲ್ಲಿ ಬರೆದುಕೊಳ್ಳುವ ಬಿಲ್ಲು ಸರ್ಕಾರದ ಕಂಪ್ಯೂಟರಿನ ಕಣ್ಣಿಗೆ ಬಿದ್ದೇ ಮುಂದೆ ಹೋಗಬೇಕು. ಎರಡು ಕಡೆಯೂ ಬಿಲ್ಲು ಎಲೆಕ್ಟ್ರಾನಿಕ್. ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

ನಮ್ಮ ಕಡೆಯ ಕಥೆ ಲೆಕ್ಕ ಬರೆಯುವವರಿಗೆಲ್ಲ ಗೊತ್ತು. 500 ಕೋಟಿ ವಹಿವಾಟಿನವರಿಂದ ಶುರುವಾದ ಇ-ಇನ್‌ವಾಯ್ಸ್ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಯವರ ಬಾಗಿಲಿಗೂ ಬಂತು. ಸರ್ಕಾರದ ಪೋರ್ಟಲ್‌ಗೆ ಬಿಲ್ಲಿನ ವಿವರ ಹಾಕಿದರೆ 64 ಅಕ್ಷರಗಳ ಗುರುತು ಸಂಖ್ಯೆ, ಜೊತೆಗೆ ಕ್ಯೂಆರ್ ಕೋಡ್ ಸಿಗುತ್ತದೆ. ಅದಿಲ್ಲದ ಬಿಲ್ಲು ಬಿಲ್ಲೇ ಅಲ್ಲ. ಕೊಂಡವನು ತೆತ್ತ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್‌ಗೂ ಕುತ್ತು. ರಫ್ತಿನ ಬಿಲ್ಲಿಗೂ ಇದೇ ನಿಯಮ. ಅಲ್ಲೊಂದು ತಮಾಷೆ: ಗಿರಾಕಿ ಮಿಲಾನ್‌ನಲ್ಲಿರಲಿ, ಮಸ್ಕತ್‌ನಲ್ಲಿರಲಿ, ಪಿನ್‌ಕೋಡ್ ಮಾತ್ರ 999999. ಜಗತ್ತೆಲ್ಲ ನಮ್ಮ ಪೋರ್ಟಲ್‌ಗೆ ಒಂದೇ ಊರು!

ನಗು ಬರುತ್ತದೆ, ಆದರೆ ಒಳಗಿನ ಹುಳುಕು ಇಲ್ಲೇ ಇದೆ. ನಾವು ಕಟ್ಟಿದ್ದು ತೆರಿಗೆ ಇಲಾಖೆಗೆ ಬೇಕಾದ ಬಿಲ್ಲನ್ನು. ಕೊಳ್ಳುವವನಿಗೆ ತಲುಪಬೇಕಾದ ಬಿಲ್ಲನ್ನಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಮಿಲಾನ್‌ನ ಗಿರಾಕಿಗೆ ಸೇವೆ ಮಾರಿತು ಎನ್ನಿ. ಇಲ್ಲಿ ಅಷ್ಟೆಲ್ಲ ಮುದ್ರೆ ಬಿದ್ದ ಬಿಲ್ಲು ಕೊನೆಗೆ ಪಿಡಿಎಫ್ ಆಗಿ ಇಮೇಲ್ ಹತ್ತುತ್ತದೆ. ಅದನ್ನು ನೋಡಿಕೊಂಡು ಅಲ್ಲಿಯವರು ತಮ್ಮ ಸರ್ಕಾರಕ್ಕೆ ಹೊಸದೊಂದು ದಾಖಲೆ ತಯಾರಿಸಿ ಕಳಿಸಬೇಕು. ನಮ್ಮ 64 ಅಕ್ಷರಗಳಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. 2008ರಲ್ಲಿ ಯುರೋಪಿನ ಸರ್ಕಾರಿ ಖರೀದಿಗೆಂದು ಹುಟ್ಟಿದ ಪೆಪ್ಪೋಲ್ ಎಂಬ ಜಾಲವಿದೆ. ಮಾರುವವನು ತನ್ನ ಸೇವಾದಾರನಿಗೆ ಬಿಲ್ಲು ಕೊಟ್ಟರೆ ಅದು ಕೊಳ್ಳುವವನ ಸೇವಾದಾರನ ಮೂಲಕ ನೇರ ಅವನ ಲೆಕ್ಕದ ಸಾಫ್ಟ್‌ವೇರ್‌ಗೆ ಇಳಿಯುತ್ತದೆ. ಇಬ್ಬರ ಸಿಮ್ ಬೇರೆ ಕಂಪನಿಯದಾದರೂ ಕರೆ ಹೋಗುವುದಿಲ್ಲವೇ, ಹಾಗೆ. ಸಿಂಗಪುರ 2018ರಲ್ಲೇ ಸೇರಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಮಲೇಷ್ಯಾ ಹಿಂಬಾಲಿಸಿದವು. ಬೆಲ್ಜಿಯಂ 2026ರ ಜನವರಿಯಿಂದ ತನ್ನ ವ್ಯಾಪಾರಿಗಳ ನಡುವಿನ ಇ-ಬಿಲ್ಲಿಗೆ ಇದನ್ನೇ ನೆಚ್ಚಿಕೊಂಡಿದೆ. 2030ರ ಜುಲೈನಿಂದ ಯುರೋಪಿಯನ್ ಒಕ್ಕೂಟದ ಒಂದು ದೇಶದ ವ್ಯಾಪಾರಿ ಇನ್ನೊಂದು ದೇಶದ ವ್ಯಾಪಾರಿಗೆ ಮಾರಿದರೆ ಇ-ಇನ್‌ವಾಯ್ಸ್ ಕಡ್ಡಾಯ. ಆ ನಿಯಮ ನಮ್ಮ ರಫ್ತುದಾರರನ್ನು ಕಟ್ಟಿಹಾಕದು, ನಿಜ. ಆದರೆ ಎಲ್ಲ ಬಿಲ್ಲೂ ತಾನೇ ಬಂದು ಲೆಕ್ಕದಲ್ಲಿ ಕೂರುವ ಆಫೀಸಿನಲ್ಲಿ, ಕೈಯಲ್ಲಿ ಟೈಪ್ ಮಾಡಬೇಕಾದ ನಮ್ಮ ಪಿಡಿಎಫ್ ಯಾರಿಗೆ ಬೇಕು?

ನನಗೆ ಬೇಸರ ತರಿಸುವುದು ಬೇರೆಯೇ ಒಂದು ಸಂಗತಿ. ನಮ್ಮ ಇ-ಇನ್‌ವಾಯ್ಸ್ ನಮೂನೆ ರೂಪಿಸುವಾಗಲೇ ಅಂತರರಾಷ್ಟ್ರೀಯ ಮಾದರಿಗೆ ಹೊಂದುವಂತೆ ಮಾಡುತ್ತಿದ್ದೇವೆ ಎಂದಿದ್ದರು. ಅಡಿಪಾಯ ಹಾಕಿ, ಬಾಗಿಲು ಇಡುವುದನ್ನು ಮರೆತಂತಾಯಿತು. 2023ರ ಫೆಬ್ರುವರಿಯಲ್ಲಿ ನಮ್ಮ ಯುಪಿಐ ಸಿಂಗಪುರದ ಹಣ ಪಾವತಿ ವ್ಯವಸ್ಥೆ ಪೇನೌ ಜೊತೆ ಬೆಸೆದುಕೊಂಡು, ಅಲ್ಲಿ ದುಡಿಯುವ ಮಗ ಊರಿನ ತಾಯಿಗೆ ಮೊಬೈಲಿನಲ್ಲೇ ಹಣ ಕಳಿಸುವಂತಾಯಿತು. ದುಡ್ಡಿಗೆ ಸಿಕ್ಕ ಸೇತುವೆ ಬಿಲ್ಲಿಗೆ ಯಾಕಿಲ್ಲ? ಪ್ರಯೋಗ ಮಾಡುವುದಾದರೆ ಸಿಂಗಪುರದಿಂದಲೇ ಶುರುಮಾಡಲಿ. ಅಲ್ಲಿ ಜಾಲವಿದೆ, ಇಲ್ಲಿ ಪೋರ್ಟಲ್ ಇದೆ. ಮತ್ತೆ, ಸಿಂಗಪುರದ ಪಿನ್‌ಕೋಡಿಗೂ ಅಂಕಿ ಆರೇ.