ಬಸ್ಸಿನಲ್ಲಿ ಒಂದು ಗಂಟೆ, ಕೊರಿಯರಿನಲ್ಲಿ ಒಂಬತ್ತು ದಿನ!

ಕುಂಬಳೆಯಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು? ನಮ್ಮ ಐದನೇ ಕ್ಲಾಸಿನ ಮಕ್ಕಳೂ ಹೇಳಿಯಾರು, ಒಂದು ಗಂಟೆಯೂ ಬೇಡ ಅಂತ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಗೆ ಬರಬೇಕಾಗಿದ್ದ ಒಂದು ಕಟ್ಟು ಪುಸ್ತಕ ಇಷ್ಟು ದಾರಿಗೆ ಒಂಬತ್ತು ದಿನ ತೆಗೆದುಕೊಂಡಿತು!

ಸಂಗತಿ ಹೀಗೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಗೊತ್ತಲ್ಲ? ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ನಮ್ಮ ಶಾಲೆಯ ಕಪಾಟಿನಲ್ಲಿ ಅದು ಇರಲಿಲ್ಲ. ವಾಟ್ಸಾಪಿನಲ್ಲಿ ನಡೆಯುವ ಹಳೆ ಪುಸ್ತಕಗಳ ಹರಾಜೊಂದರಲ್ಲಿ ಎಂಟೂ ಸಂಪುಟ ಕಾಣಿಸಿಕೊಂಡವು. ರಕ್ಷಕ ಶಿಕ್ಷಕ ಸಂಘದವರು ಸ್ವಲ್ಪ, ಅಧ್ಯಾಪಕರು ಸ್ವಲ್ಪ ಹಾಕಿ ಮೂರು ಸಾವಿರದ ಇನ್ನೂರಕ್ಕೆ ಕೂಗಿದೆವು. ನಮಗೇ ಬಿತ್ತು. ಆಮೇಲೆ ನೋಡಿದರೆ ಮಾರುವವರು ನಮ್ಮ ಕುಂಬಳೆಯವರೇ!

ಈ ಕಡೆ ಬರುವಾಗ ತಂದುಕೊಡಬಹುದೇ ಎಂದು ವಿನಯದಿಂದಲೇ ಕೇಳಿದೆವು. "ಕೊರಿಯರ್ ಮಾತ್ರ. ನಿಯಮ ಎಲ್ಲರಿಗೂ ಒಂದೇ" ಎಂಬ ಉತ್ತರ ಬಂತು. ಕೊರಿಯರಿಗೆ ಬೇರೆ ಒಂಬೈನೂರು. ಕೊಟ್ಟೆವು. ಕಟ್ಟು ಮೊದಲು ತಲಪಾಡಿ ದಾಟಿ ಮಂಗಳೂರಿಗೆ ಹೋಯಿತು. ಮತ್ತೆ ತಲಪಾಡಿ ದಾಟಿ, ನಮ್ಮ ಊರನ್ನೂ ದಾಟಿ ಕಲ್ಲಿಕೋಟೆಗೆ ಹೋಯಿತು. ಅಲ್ಲಿಂದ ಕಾಸರಗೋಡು, ಕೊನೆಗೆ ನಮ್ಮ ಶಾಲೆ. ಬಿಚ್ಚಿ ನೋಡಿದರೆ ಮೂರು ಮತ್ತು ನಾಲ್ಕನೇ ಸಂಪುಟ ನೀರು ಕುಡಿದು ಊದಿಕೊಂಡಿದ್ದವು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದೇವೆ. ಪುಟಗಳು ಈಗಲೂ ಅಂಟಿಕೊಂಡಿವೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಊದಿದ ಸಂಪುಟಗಳ ದೂರು ಹೇಳಲು ಒಂದು ಶನಿವಾರ ಅವರ ಮನೆಗೆ ಹೋದೆವು. ಹುಡುಗ ಒಳ್ಳೆಯವನೇ. ಪುಸ್ತಕಗಳು ಅವನ ಅಜ್ಜನವು. ಅಜ್ಜ ಕನ್ನಡ ಮಾಷ್ಟ್ರಾಗಿದ್ದವರು, ಈಗಿಲ್ಲ. ಹುಡುಗ ಓದಿದ್ದು ಇಂಗ್ಲಿಷ್ ಮೀಡಿಯಂ. ಕಾಫಿ ಕೊಟ್ಟ, ಬೇಸರಪಟ್ಟ. ಉಳಿದ ಪುಸ್ತಕಗಳು ಎಲ್ಲಿ ಎಂದು ಕೇಳಿದೆವು. ಒಂದು ಕಪಾಟು ತುಂಬ ಇತ್ತಂತೆ. ಹಿಂದಿನ ವಾರ ಗುಜರಿಯವನಿಗೆ ತೂಕಕ್ಕೆ ಹಾಕಿದನಂತೆ! ಆಮೇಲೆ ಅವನು ಕೇಳಿದ ಪ್ರಶ್ನೆ ಇದು: "ನಿಮ್ಮಲ್ಲಿ ಈಗಲೂ ಕನ್ನಡ ಮೀಡಿಯಂ ಉಂಟಾ?"

ಒಂದು ಗಂಟೆಯೂ ಇಲ್ಲದ ದಾರಿ ಮಾರಾಯ್ರೆ! ಕಟ್ಟು ಕೈಯಲ್ಲಿ ಹಿಡಿದುಕೊಂಡು ಅವನು ಒಂದು ಸಲ ನಮ್ಮ ಶಾಲೆಗೆ ಬಂದಿದ್ದರೆ, ಅಥವಾ ನಾವು ಹರಾಜಾದ ಮರುದಿನವೇ ಅವನ ಮನೆಗೆ ಹೋಗಿದ್ದರೆ, ಆ ಕಪಾಟು ಇವತ್ತು ಮಕ್ಕಳ ಮುಂದೆ ಇರುತ್ತಿತ್ತು. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಶಾಲೆ ತೆರೆಯುವ ಗಡಿಬಿಡಿ ಎಂದು ನಾವೂ ಒಂಬೈನೂರು ಬಿಸಾಡಿ ಸುಮ್ಮನಾದೆವು.

ಆದ್ದರಿಂದ ನಮ್ಮ ವಾದ ನೇರ. ಹರಾಜಿನಲ್ಲಿ ಕೊಂಡವರು ಬಸ್ಸಿಗೆ ಸಿಗುವ ದೂರದಲ್ಲಿದ್ದರೆ ವಸ್ತುವನ್ನು ಕೈಯಾರೆ ಕೊಡಬೇಕು. ಕೊರಿಯರ್ ಹಣ ತೆಗೆದುಕೊಳ್ಳಬಾರದು. ತರಲು ಪುರುಸೊತ್ತಿಲ್ಲದಿದ್ದರೆ, ಬಂದು ಒಯ್ಯಿರಿ ಎಂದಾದರೂ ಹೇಳಬೇಕು. ಕೊರಿಯರ್ ವಸ್ತುವನ್ನು ತಲುಪಿಸೀತು. ಈ ಮನೆಯಲ್ಲಿ ಇನ್ನೇನುಂಟು, ಆ ಊರಲ್ಲಿ ಯಾರು ಓದುತ್ತಾರೆ ಎಂಬ ಸುದ್ದಿಯನ್ನು ತಲುಪಿಸುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಒಂದೊಂದಾಗಿ ನೋಡೋಣ.

ಒಂದು, "ಕೊಟ್ಟದ್ದಕ್ಕೆ ಪುರಾವೆ ಏನು?" ಇದು ಹಳೆಯ ಭಯ. ನಮ್ಮ ದೇಶದಲ್ಲಿ 2000ರಲ್ಲಿ ಶುರುವಾದ ಬಾಜೀ ಡಾಟ್ ಕಾಮನ್ನು 2004ರಲ್ಲಿ ಈಬೇ ಕೊಂಡಿತು. ಅಲ್ಲಿ ಹಣವನ್ನು ಕಂಪನಿ ತಡೆದಿಟ್ಟುಕೊಳ್ಳುತ್ತಿತ್ತು, ಮಾರಿದವರು ಕೊರಿಯರ್ ನಂಬರ್ ತೋರಿಸಬೇಕಿತ್ತು. ಆಗ ಆ ಭಯಕ್ಕೆ ಅರ್ಥ ಇತ್ತು. ಆ ಅಂಗಡಿ 2018ರಲ್ಲಿ ಬಾಗಿಲು ಹಾಕಿತು. ಹೊರದೇಶಗಳಲ್ಲಿ ಈಬೇಯೇ ಇದಕ್ಕೊಂದು ದಾರಿ ಮಾಡಿದೆ. ಕೊಂಡವರ ಫೋನಿಗೆ ಆರಂಕಿಯ ಗುಪ್ತಸಂಖ್ಯೆ ಬರುತ್ತದೆ, ವಸ್ತು ಕೈಗೆ ಸಿಕ್ಕಿದಾಗ ಅದನ್ನು ಮಾರಿದವರಿಗೆ ತೋರಿಸಿದರಾಯಿತು. ನಮಗೆ ಅಷ್ಟೂ ಬೇಡ. ಶಾಲೆಯ ಸ್ಟಾಕ್ ರಿಜಿಸ್ಟರ್ ಬರೆದು ಬರೆದು ಕೈ ಸವೆದವರು ನಾವು. ಏನು, ಎಷ್ಟು, ಯಾವ ದಿನ, ಯಾರು ಕೊಟ್ಟರು, ಯಾರು ಪಡೆದರು ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಪುಸ್ತಕದ ಜತೆ ಒಂದು ಫೋಟೋ ತೆಗೆಯಿರಿ. ಇದಕ್ಕಿಂತ ದೊಡ್ಡ ಪುರಾವೆ ಯಾವುದು?

ಎರಡು, "ಗುರುತಿಲ್ಲದವರನ್ನು ಮನೆಗೆ ಕರೆಯುವುದು ಹೇಗೆ?" ನ್ಯಾಯವಾದ ಮಾತು. ಒಂಟಿಯಾಗಿರುವ ಹೆಂಗಸರು, ವಯಸ್ಸಾದವರು ಕರೆಯಲೇಬೇಡಿ. ಬಸ್ ಸ್ಟ್ಯಾಂಡ್ ಇದೆ, ಅಂಚೆ ಕಚೇರಿ ಇದೆ, ಹಗಲು ಹೊತ್ತಿನಲ್ಲಿ ಶಾಲೆಯ ಆಫೀಸೂ ಇದೆ. ಹಣದ ವಿಷಯದಲ್ಲಿ ಒಂದು ಎಚ್ಚರಿಕೆ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಹಣ ಬರುತ್ತದೆ" ಎನ್ನುವವನು ಕಳ್ಳ. ಎದುರುಬದುರು ನಿಂತು ಕೊಟ್ಟರೆ ಈ ಮೋಸಕ್ಕೂ ಜಾಗ ಕಡಿಮೆ.

ಮೂರು, "ಹರಾಜು ವ್ಯಾಪಾರ, ಸಮಾಜಸೇವೆ ಅಲ್ಲ." ಹೌದು ಸ್ವಾಮಿ, ವ್ಯಾಪಾರವೇ. ಬೆಲೆ ಬಿಟ್ಟುಕೊಡಿ ಎಂದು ನಾವು ಹೇಳಿದೆವೇ? ಕೂಗಿದ ಬೆಲೆ ಪೂರ್ತಿ ತೆಗೆದುಕೊಳ್ಳಿ. ನಾವು ಕೇಳುವುದು ಯಾರಿಗೂ ಲಾಭವಿಲ್ಲದ ಆ ಒಂಬೈನೂರನ್ನು ಮಾತ್ರ. ಬಸ್ಸಿಗೆ ಎಷ್ಟಾಗುತ್ತದೆ? ಕೇರಳದಲ್ಲಿ 2022ರ ಮೇಯಿಂದ ಕನಿಷ್ಠ ದರ ಹತ್ತು ರೂಪಾಯಿ. ನಾವು ಅವನಿಗೆ ಹೋಗಿ ಬರುವ ಟಿಕೆಟು ತೆಗೆದು, ಊಟ ಹಾಕಿಸಿ ಕಳಿಸಿದ್ದರೂ ಶಾಲೆಗೆ ಎಷ್ಟೋ ಹಣ ಉಳಿಯುತ್ತಿತ್ತು.

ದೂರದವರಿಗಾದರೆ ಅಂಚೆಯೇ ಗತಿ, ಅದನ್ನು ಒಪ್ಪುತ್ತೇವೆ. 2025ರ ಮೇ 1ರಂದು ಅಂಚೆ ಇಲಾಖೆ ಪುಸ್ತಕಗಳಿಗಾಗಿ ಜ್ಞಾನ ಪೋಸ್ಟ್ ಆರಂಭಿಸಿತು. ಐದು ಕಿಲೋವರೆಗಿನ ಪೊಟ್ಟಣಕ್ಕೆ ತೆರಿಗೆ ಬಿಟ್ಟು ನೂರು ರೂಪಾಯಿ ದರ ಇಟ್ಟಿತು. ಸೊಲ್ಲಾಪುರದವರು ಹೊಸೂರಿನವರಿಗೆ ಮಾರಿದರೆ ಹೀಗೆ ಕಳಿಸಲಿ. ಆದರೆ ಅಕ್ಕಲಕೋಟೆಯ ಪುಸ್ತಕ ಅಕ್ಕಲಕೋಟೆಯ ಪಕ್ಕದ ಹಳ್ಳಿಗೆ ಹೋಗಲು ಗೋಣಿಚೀಲದಲ್ಲಿ ಊರೂರು ಸುತ್ತಬೇಕೇ?

ಗಡಿಯಾಚೆಯ ನಮ್ಮ ಮನೆಗಳಲ್ಲಿ ಅಜ್ಜಂದಿರ ಕಪಾಟುಗಳಿವೆ. ಮೊಮ್ಮಕ್ಕಳಿಗೆ ಅವು ಬೇಡ. ನಾಲ್ಕು ಮೈಲಿ ಆಚೆಯ ಶಾಲೆಗೆ ಅವು ಬೇಕು. ಇಬ್ಬರಿಗೂ ಪರಸ್ಪರ ಗೊತ್ತಿಲ್ಲ. ಹರಾಜು ಈ ಇಬ್ಬರ ಹೆಸರನ್ನು ಒಂದು ಸಲ ಒಟ್ಟಿಗೆ ತರುತ್ತದೆ. ಅಂಥ ಹೊತ್ತಿನಲ್ಲೂ ಮುಖ ನೋಡದೆ ಕೊರಿಯರಿಗೆ ಹಾಕಿದರೆ ಉಳಿದದ್ದು ಗುಜರಿಗೇ ಹೋಗುವುದು.

ಶಾಲೆಗಳಿಗೂ ಒಂದು ಮಾತು. ಹರಾಜು ಗೆದ್ದ ದಿನ ಮೊದಲು ಕೇಳಬೇಕಾದದ್ದು ಖಾತೆ ನಂಬರನ್ನಲ್ಲ, ಊರನ್ನು. ಹತ್ತಿರವಾದರೆ ಅದೇ ವಾರ ಹೊರಡಿ. ಹೋಗುವಾಗ ಒಂದು ಖಾಲಿ ಚೀಲ ಹೆಚ್ಚಿಗೆ ಇರಲಿ. ನಾವಂತೂ ಇನ್ನು ಹಾಗೆಯೇ ಮಾಡುವುದು ಎಂದು ತೀರ್ಮಾನಿಸಿದ್ದೇವೆ. ನೀವೇನಂತೀರಿ?