ಹೆಗಲ ಕೀಲಿಗೆ ಬಾಗಿಲು ಎಲ್ಲಿ?

“ಎರಡು ಮೂರು ತೂತು, ಅಷ್ಟೇ” ಎಂದು ಹೆಗಲಿನ ಆರ್ತ್ರೋಸ್ಕೋಪಿಯ ಕುರಿತು ಜನ ಹೇಳುವುದುಂಟು. ತೂತು ಒಂದು ಸೆಂಟಿಮೀಟರಿಗಿಂತ ಕಿರಿದೆಂಬುದು ನಿಜ. ಆದರೆ ಅದನ್ನು ಎಲ್ಲಿ ಮಾಡಬೇಕೆಂಬ ತೀರ್ಮಾನ ಕಿರಿದಲ್ಲ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಪದರ ಪದರವಾಗಿ ಬಿಡಿಸುತ್ತ ನರವನ್ನು ಕಣ್ಣಾರೆ ಕಂಡು ಕಾಪಾಡಬಲ್ಲರು. ಇಲ್ಲಿಯಾದರೋ ಮೊದಲ ರಂಧ್ರ ಮಾಡುವಾಗ ಒಳಗಿನದೇನೂ ಕಾಣದು, ಬೆರಳೇ ಕಣ್ಣು.

ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಕೀಲುಗಳೊಳಗೆ ದರ್ಶಕವಿಟ್ಟು ನೋಡಿ 1931ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಗಲೂ ಸೇರಿತ್ತು. ಅಂದಿನಿಂದ ಉಪಕರಣಗಳು ಬಹಳ ಬದಲಾಗಿವೆ, ಎಲುಬುಗಳು ಬದಲಾಗಿಲ್ಲ. ಮಕ್ಕಳೇ, ಬಲಗೈಯಿಂದ ಎಡಹೆಗಲ ತುದಿಯನ್ನು ಒತ್ತಿ ನೋಡಿ. ಗಟ್ಟಿಯಾಗಿ ಸಿಗುವ ಚಪ್ಪಟೆ ಎಲುಬೇ ಅಕ್ರೋಮಿಯನ್. ಅದರ ಹಿಂಬದಿಯ ಹೊರಮೂಲೆಯಿಂದ ಸುಮಾರು 2 ಸೆಂ.ಮೀ. ಕೆಳಗೆ, 1ರಿಂದ 2 ಸೆಂ.ಮೀ. ಒಳಗೆ ಮೆತ್ತಗಿನ ತಾಣವೊಂದಿದೆ. ಸಾಮಾನ್ಯವಾಗಿ ಮೊದಲ ಬಾಗಿಲು ಅಲ್ಲಿಯೇ. ಹೆಗಲ ಮುಂದೆ, ಕೊರಳೆಲುಬಿನ ಕೆಳಗೆ ತಗಲುವ ಮೊನೆಯ ಹೆಸರು ಕೊರಕಾಯ್ಡ್. ಕಾಗೆಯ ಕೊಕ್ಕಿನ ಹೋಲಿಕೆಯಿಂದ ಗ್ರೀಕರ ಮಾತಿನಲ್ಲಿ ಬಂದ ಹೆಸರಿದು. ಹಿಂದಿನಿಂದ ಒಳಹೊಗುವ ಉಪಕರಣ ಈ ಮೊನೆಯತ್ತ ಗುರಿಯಿಡುತ್ತದೆ. ಆದರೆ ಮುಂದಿನ ರಂಧ್ರ ಮಾತ್ರ ಕೊರಕಾಯ್ಡಿನ ಹೊರಬದಿಯಲ್ಲಿಯೇ ಇರಬೇಕು. ಒಳಬದಿಯಲ್ಲಿ ಕೈಗೆ ಹೋಗುವ ದೊಡ್ಡ ರಕ್ತನಾಳವೂ ನರಗಳ ಗೊಂಚಲೂ ಇವೆ.

ಪಕ್ಕದ ರಂಧ್ರಕ್ಕೂ ಎಲ್ಲೆಯುಂಟು. ಅಕ್ರೋಮಿಯನ್ನಿನ ಅಂಚಿನಿಂದ ಸುಮಾರು 5 ಸೆಂ.ಮೀ. ಕೆಳಗೆ ಕಂಕುಳ ನರ ತೋಳನ್ನು ಸುತ್ತಿ ಸಾಗುತ್ತದೆ. ಗಿಡ್ಡ ಮೈಕಟ್ಟಿನವರಲ್ಲಿ ಇನ್ನೂ ಸಮೀಪ. ಹೆಗಲನ್ನು ಹೊದ್ದ ಡೆಲ್ಟಾಯ್ಡ್ ಸ್ನಾಯುವಿಗೆ ಜೀವ ತುಂಬುವುದು ಇದೇ ನರ. ಇದಕ್ಕೆ ಪೆಟ್ಟಾದರೆ ತೋಳನ್ನೆತ್ತುವ ಬಲವೇ ಕುಂದುತ್ತದೆ. ಆದ್ದರಿಂದಲೇ ಎಲುಬುಗಳ ಗುರುತನ್ನು ಮೊದಲೇ ಚರ್ಮದ ಮೇಲೆ ಲೇಖನಿಯಿಂದ ಬರೆದುಕೊಳ್ಳುವುದು. ಕೀಲಿನೊಳಗೆ ದ್ರವ ಹರಿಸಿದ ಮೇಲೆ ಹೆಗಲು ಊದಿಕೊಂಡು, ಬೆರಳಿಗೆ ಯಾವ ಎಲುಬೂ ಸ್ಪಷ್ಟವಾಗಿ ಸಿಗದು.

ನರವನ್ನು ತಪ್ಪಿಸಿದರೆ ಸಾಲದು, ಕೆಲಸಕ್ಕೆ ತಕ್ಕ ಕೋನವೂ ಬೇಕು. ಪದೇ ಪದೇ ಜಾರುವ ಹೆಗಲಿನಲ್ಲಿ ಕೀಲುಗುಣಿಯ ಕೆಳಅಂಚಿಗೆ ಹೊಲಿಗೆಯ ಆಧಾರ ನೆಡಬೇಕಾಗುತ್ತದೆ. ಮುಂದಿನ ರಂಧ್ರ ತೀರ ಮೇಲಿದ್ದರೆ ಅದು ಎಲುಬಿನೊಳಗೆ ನಾಟದೆ ಜಾರುತ್ತದೆ. ಹರಿದ ಸ್ನಾಯುರಜ್ಜುವನ್ನು ಹೊಲಿಯುವುದಾದರೆ ಹಿಂದಿನ ಬಾಗಿಲನ್ನೇ ತುಸು ಮೇಲಕ್ಕೆ, ಹೊರಕ್ಕೆ ಸರಿಸುವವರಿದ್ದಾರೆ. ಎರಡನೆಯ ರಂಧ್ರಕ್ಕೆ ಮುನ್ನ ಉದ್ದನೆಯ ತೆಳುಸೂಜಿಯೊಂದನ್ನು ಹೊರಗಿನಿಂದ ಚುಚ್ಚಿ, ಅದರ ಮೊನೆ ಎಲ್ಲಿ ಮೂಡಿತೆಂದು ಪರದೆಯಲ್ಲಿ ನೋಡುತ್ತಾರೆ. ಸರಿಬಾರದಿದ್ದರೆ ಸೂಜಿಯನ್ನು ತೆಗೆದು ಮತ್ತೊಮ್ಮೆ ಚುಚ್ಚಬಹುದು. ಚಾಕುವಿನ ಗಾಯವನ್ನು ಹಾಗೆ ಹಿಂತೆಗೆಯಲಾಗದು. ನನ್ನ ದೃಷ್ಟಿಯಲ್ಲಿ ಇಡೀ ವಿಧಾನದಲ್ಲಿ ಅತಿ ಜಾಣತನದ ಕೆಲಸ ಈ ಅಗ್ಗದ ಸೂಜಿಯದೇ.

ಮನೆಯವರಿಗೆ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದ್ದರೆ, ಯಾವ ಕಡೆಯ ಹೆಗಲು, ಎಷ್ಟು ರಂಧ್ರ, ಯಾವ ಕೆಲಸಕ್ಕೆ ಎಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಿರಿ. ಪತ್ರ ನಿಮಗೆ ಬಾರದ ಭಾಷೆಯಲ್ಲಿದ್ದರೆ ಓದಿ ಹೇಳಿಸಿಕೊಳ್ಳಿರಿ. ಚಿಕಿತ್ಸೆಯ ಬಳಿಕ ವೈದ್ಯರು ತೋಳಿನ ಮೇಲ್ಭಾಗದ ಹೊರಚರ್ಮವನ್ನು ಮುಟ್ಟಿ “ಗೊತ್ತಾಗುತ್ತಿದೆಯೇ?” ಎಂದು ವಿಚಾರಿಸುವುದು ಅದೇ ಕಂಕುಳ ನರದ ಕ್ಷೇಮವನ್ನು ತಿಳಿಯಲು. ಕೈ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದ್ದರೆ ಉತ್ತರ ಸಿಗಲು ಅದರ ಪ್ರಭಾವ ಇಳಿಯುವವರೆಗೆ ಕಾಯಬೇಕು.